ದೇವದಾಸನ ಚೀನಿಕಾಯಿ

ಕಾಪುವಿನಲ್ಲಿ ಇಪ್ಪತ್ತು ವರ್ಷ ರಿಕ್ಷಾ ಓಡಿಸಿದ ದೇವದಾಸನಿಗೆ ಐವತ್ತೊಂದನೆಯ ವಯಸ್ಸಿನಲ್ಲಿ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಮಾತೂ ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಾಯಲ್ಲಿ ಉಳಿದಿದ್ದದ್ದು "ಆಯ್ತು" ಎಂಬ ಒಂದೇ ಮಾತು. ಹಸಿವಾದರೂ ಆಯ್ತು, ಸಿಟ್ಟು ಬಂದರೂ ಆಯ್ತು. ಯಾವ ಆಯ್ತಿಗೆ ಯಾವ ಅರ್ಥ ಎಂಬುದು ಹೆಂಡತಿ ಗುಣವತಿಗೆ ಮಾತ್ರ ತಿಳಿಯುತ್ತಿತ್ತು.

ಎಡಗೈಗೆ ಏನಾದರೂ ಕೆಲಸ ಕೊಡಿ ಎಂದು ವೈದ್ಯರು ಹೇಳಿದ್ದರು. ಗುಣವತಿ ಅಜೆಕಾರಿನ ತವರಿನಿಂದ ನಾಲ್ಕು ಚೀನಿಕಾಯಿ, ಅಂದರೆ ಸಿಹಿಗುಂಬಳದ, ಬೀಜ ತಂದಳು. ಹಿತ್ತಿಲಿನ ಮರಳುಮರಳಾದ ಹೊಯಿಗೆ ಮಣ್ಣಿಗೆ ಸುಡುಮಣ್ಣು, ಸೆಗಣಿ ಬೆರೆಸಿ ಗುಂಡಿ ಮಾಡಿಕೊಟ್ಟಳು. ಬೀಜ ಊರಿದ್ದು ಅವನೇ. ಬಳ್ಳಿ ಹೂ ಬಿಟ್ಟ ಮೇಲೆ ದಿನಾ ಬೆಳಿಗ್ಗೆ ಏಳರೊಳಗೆ ಸ್ಟೂಲು ಎಳೆದುಕೊಂಡು ಹೋಗಿ ಕೂರುತ್ತಿದ್ದ. ಗಂಡು ಹೂವಿನ ಎಸಳನ್ನು ಹಲ್ಲಿನಿಂದ ಕಿತ್ತು, ಪಳಗದ ಎಡಗೈಯಲ್ಲಿ ಅದರ ಪರಾಗದ ಕಡ್ಡಿಯನ್ನು ಹೆಣ್ಣು ಹೂವಿಗೆ ತಾಗಿಸುತ್ತಿದ್ದ. ಎಷ್ಟೋ ಹೀಚುಗಳು ಹಳದಿಯಾಗಿ ಉದುರಿದವು. ಕೊನೆಗೆ ಒಂದು ನಿಂತಿತು. ಅಂದು ಅವನು ಅತ್ತ. ಮದುವೆಯಾದ ಮೇಲೆ ಗುಣವತಿ ಅವನ ಕಣ್ಣೀರು ಕಂಡದ್ದು ಅದೇ ಮೊದಲು.

ಕಾಲೇಜಿಗೆ ಹೋಗುವ ಮಗಳು ತೃಷಾ ಭಾನುವಾರಕ್ಕೊಮ್ಮೆ ಅಮ್ಮನ ಹೊಲಿಗೆಯ ಟೇಪಿನಲ್ಲಿ ಕಾಯಿಯನ್ನು ಅಳೆಯುತ್ತಿದ್ದಳು. ಸುತ್ತಳತೆ ಮೂವತ್ತೆಂಟು ಇಂಚಿಗೆ ಬಂದಾಗ, ಕೊಯ್ಯೋಣವೇ ಎಂದು ಗುಣವತಿ ಕೇಳಿದಳು. ಅವನು ಒಣಗದೆ ಹಸಿರಾಗಿಯೇ ಇದ್ದ ತೊಟ್ಟನ್ನು ಮುಟ್ಟಿ ತೋರಿಸಿದ. ತುಟಿ ಬಹಳ ಹೊತ್ತು ಒದ್ದಾಡಿತು.

"ಇನ್ನೂ..." ಎಂದ. "ಇನ್ನೂ ಉಂಟು."

ಒಂಬತ್ತು ತಿಂಗಳಲ್ಲಿ ಬಂದ ಮೊದಲ ಹೊಸ ಮಾತು. ಗುಣವತಿ ಅಜೆಕಾರಿಗೆಲ್ಲ ಫೋನು ಮಾಡಿ ಅದನ್ನು ಹೇಳಿಕೊಂಡಳು.

ಅದೇ ವಾರ ಎರಡನೆಯ ಸಲ ಬಡಿಯಿತು. ಮಣಿಪಾಲದಲ್ಲಿ ಮೂರು ದಿನ ಇದ್ದು, ಅವನು ಹೋಗಿಬಿಟ್ಟ.

ಮುಂದಿನದ್ದೆಲ್ಲ ದೇವದಾಸನ ತಮ್ಮ ಜಿತೇಂದ್ರ ಒಬ್ಬನೇ ನಿಂತು ಮಾಡಿದ. ಉತ್ತರಕ್ರಿಯೆಯ ದಿನ ಅಂದಾಜಿಗಿಂತ ಹೆಚ್ಚು ಜನ ಸೇರಿದರು. ಒಳಕೋಣೆಯಲ್ಲಿ ಹೆಂಗಸರ ನಡುವೆ ಕೂತಿದ್ದ ಗುಣವತಿಯನ್ನು ಕೊನೆಯ ಪಂಕ್ತಿಗೆ ಒತ್ತಾಯದಿಂದ ಎಬ್ಬಿಸಿ ತಂದರು. ಎಲೆಗೆ ಅನ್ನ ಬಿತ್ತು. ಪಕ್ಕದಲ್ಲಿ ಕಡ್ಲೆ ಹಾಕಿದ ಚೀನಿಕಾಯಿ ಗಸಿ. ತೃಷಾ ತಟ್ಟನೆ ಅಮ್ಮನ ಮುಖ ನೋಡಿದಳು.

ಜಿತೇಂದ್ರ ಹತ್ತಿರ ಬಂದು ಕುಕ್ಕುರುಗಾಲಲ್ಲಿ ಕೂತ.

"ತರಕಾರಿ ಸಾಲದೆ ಬಂತು ಅತ್ತಿಗೆ. ಹಿತ್ತಿಲಲ್ಲಿ ಉಂಟಲ್ವಾ ಅಂತ ಕೊಯ್ದೆ. ಅಣ್ಣ ಬೆಳೆಸಿದ್ದು ಅಣ್ಣನ ಕಾರ್ಯಕ್ಕೇ ಬಂತು."

ಅವನ ಕಣ್ಣೂ ತುಂಬಿತ್ತು. ಅಷ್ಟು ದಿನ ನಿದ್ದೆಗೆಟ್ಟು ಓಡಾಡಿದವನಿಗೆ ಏನು ಹೇಳುವುದು?

"ಒಳ್ಳೆದು ಮಾಡಿದಿ," ಎಂದಳು ಗುಣವತಿ.

ಬಿಡದೆ ಎಲ್ಲ ಉಂಡಳು. ಕಾಯಿ ಎಳೆಯದಾಗಿತ್ತು, ಸಿಹಿ ಇನ್ನೂ ಇಳಿದಿರಲಿಲ್ಲ.

ನೆಂಟರು ಹೊರಟ ಮೇಲೆ ತೃಷಾ ಬೀಜ ಹುಡುಕಿಕೊಂಡು ಹೋದಳು. ತಿರುಳು, ಸಿಪ್ಪೆ ಎಲ್ಲ ಪಕ್ಕದ ಮನೆಯ ದನಕ್ಕೆ ಹೋಗಿತ್ತು. ಬಳ್ಳಿ ಮತ್ತೂ ಒಂದು ತಿಂಗಳು ಹೂ ಬಿಟ್ಟಿತು. ಗುಣವತಿ ಬೆಳಿಗ್ಗೆ ಹಿಂಬಾಗಿಲು ತೆರೆದು ನಿಲ್ಲುತ್ತಿದ್ದಳು. ಹೆಣ್ಣು ಹೂಗಳು ಅರಳಿ, ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುತ್ತಿದ್ದವು. ಗಂಡು ಹೂ ನಾನು ತಾಗಿಸಲಾ ಎಂದು ಮಗಳು ಒಂದು ದಿನ ಕೇಳಿದಳು. ಬೇಡ ಎಂದಳು ಗುಣವತಿ. ಅವನ ಸ್ಟೂಲನ್ನು ಒಳಗೆ ತಂದಿಟ್ಟು ಹಿಂಬಾಗಿಲು ಹಾಕಿದಳು.