ಉಡಚವ್ವನ ಕೈಯ ರೊಟ್ಟಿ

ಹುಬ್ಬಳ್ಳಿಯ ಹತ್ತಿ ಗಿರಣಿಯಲ್ಲಿ ಕಸ ಹೊಡೆಯುವ ಉಡಚವ್ವ ನಮ್ಮ ಕೇರಿಯವಳು, ದೂರದ ಸಂಬಂಧದಲ್ಲಿ ನನಗೆ ಅಕ್ಕ ಆಗಬೇಕು. ಸಿನಿಮಾದವರು ಅವಳಿಗೆ ಮಾಡಿದ್ದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಬಾಯಿ ಬಿಟ್ಟು ಕೆಟ್ಟವನು ಮೊದಲು ನಾನೇ.

೧೯೪೩ರಲ್ಲಿ ಪುಣೆಯ ಕಡೆಯ ಒಂದು ಕಂಪನಿ ಬಂದು, ಬಡ ಸಂಸಾರದ ಕಥೆ ತೆಗೆಯುತ್ತೇವೆ ಎಂದಿತು. ಅವರ ಪೆಟ್ಟಿಗೆಗಳನ್ನು ನನ್ನ ಚಕ್ಕಡಿಯಲ್ಲಿ ಹೇರುತ್ತಿದ್ದೆ. ಡೈರೆಕ್ಟರ್ ತ್ರ್ಯಂಬಕರಾಯರು ಧಾರವಾಡದವರು, ಮಾತು ಬೆಣ್ಣೆಯಂಥದು. ಬಡತನದ ಖರೇ ಸಂಗತಿ ಗೊತ್ತಿದ್ದರೆ ಹೇಳು ಎಂದು ಕೇಳಿದರು. ಹೇಳಿಬಿಟ್ಟೆ.

ಹಿಂದೆ ಪ್ಲೇಗು ಬಂದಾಗ ಊರವರೆಲ್ಲ ಬಯಲಿನಲ್ಲಿ ಗುಡಿಸಲು ಹಾಕಿದ್ದರು. ಬ್ರಾಹ್ಮಣರ ಒಬ್ಬ ವಿಧವೆ ಮಾತ್ರ ಎರಡು ಮಕ್ಕಳೊಂದಿಗೆ ಊರೊಳಗೇ ಉಳಿದಿದ್ದಳು. ಅವಳ ಹಿತ್ತಲಿನ ಕಸ ಹೊಡೆಯಲು ಹೋದ ಉಡಚವ್ವ ನೋಡುತ್ತಾಳೆ, ಮೂರು ದಿನದಿಂದ ಒಲೆ ಹೊತ್ತಿಲ್ಲ. ಸೆರಗಿನಲ್ಲಿದ್ದ ಎರಡು ರೊಟ್ಟಿ ಬಿಚ್ಚಿ, ನಮ್ಮವರು ಮುಟ್ಟಿದರೆ ಮೈಲಿಗೆಯೆಂದು ಕಟ್ಟೆಯ ಮೇಲಿಡಲು ಹೋದಳು. ಆ ತಾಯಿ ಇಡಗೊಡಲಿಲ್ಲ. ಕೈಯೊಡ್ಡಿ, ಇವಳ ಕೈಯಿಂದಲೇ ಇಸಿದುಕೊಂಡು ಮಕ್ಕಳಿಗೆ ಮುರಿದುಕೊಟ್ಟಳು. ಉಡಚವ್ವ ತನ್ನ ಬಾಳಿನಲ್ಲಿ ಎದೆಯುಬ್ಬಿಸಿ ಹೇಳಿಕೊಳ್ಳುವುದು ಅದೊಂದೇ.

ರಾಯರು ಕುಣಿದಾಡಿದರು. ಇದನ್ನೇ ತೆಗೆಯೋಣ, ರೊಟ್ಟಿ ಕೊಡುವವಳು ಉಡಚವ್ವನೇ ಆಗಲಿ ಎಂದರು. ಒಂದು ದಿನವೂ ಗಿರಣಿ ತಪ್ಪಿಸದವಳು ಅಂದು ತಪ್ಪಿಸಿದಳು, ಬೆಳಿಗ್ಗೆ ಎದ್ದು ಬಿಸಿ ರೊಟ್ಟಿ ಬಡಿದುಕೊಂಡು ಬಂದಳು. ತಾಯಿಯ ಪಾತ್ರದ ಸುಲಭಾಬಾಯಿಗೆ ಕೈ ಹೇಗೆ ಒಡ್ಡಬೇಕೆಂದು ತಾನೇ ತೋರಿಸಿದಳು. ಅಷ್ಟರಲ್ಲಿ ಕಂಪನಿಯ ಮಾಲಕ ರಾಯರನ್ನು ಬದಿಗೆ ಕರೆದ. ತಿರುಗಿ ಬಂದ ರಾಯರು ನೆಲ ನೋಡುತ್ತ ಹೇಳಿದರು:

“ನಂದೇನೂ ಹರಕತ್ತಿಲ್ಲ ಉಡಚವ್ವಾ, ನೋಡೋ ಮಂದಿ ಒಪ್ಪಬೇಕಲ್ಲ? ರೊಟ್ಟಿ ಬ್ಯಾಡ, ಜ್ವಾಳ ಕೊಡು. ಕಾಳಿಗೆ ಮೈಲಿಗಿ ಇಲ್ಲ.”

“ಮೂರು ದಿನ ಹಸದ ಕೂಸುಗೋಳ್ರಿ ಅವು. ಜ್ವಾಳ ಕೊಟ್ಟರ ಬೀಸೋದು ಯಾವಾಗ, ಬಡಿಯೋದು ಯಾವಾಗ್ರಿ? ಆಕಿ ನನ್ನ ಕೈಯಾಗಿಂದನ ಇಸ್ಕೊಂಡಾಳ. ಅದನ್ನ ಸುಳ್ಳು ಮಾಡಾಕ ನನ್ನ ಕಡಿಂದ ಆಗೂದಿಲ್ರಿ.”

ರೊಟ್ಟಿ ಸುತ್ತಿಕೊಂಡು ಹೊರಟೇಬಿಟ್ಟಳು. ನಾನು ರಾಯರಿಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಅಲ್ಲಿಗೆ ಪೆಟ್ಟಿಗೆ ಹೇರುವ ಕೆಲಸವೂ ಹೋಯಿತು. ದಾರಿಯಲ್ಲಿ ಆ ಸಿಟ್ಟನ್ನು ಅವಳ ಮೇಲೆ ತೀರಿಸಿಕೊಂಡೆ. ಹ್ಞೂಂ ಅಂದಿದ್ದರೆ ಊರೆಲ್ಲ ನಿನ್ನ ಮುಖ ನೋಡುತ್ತಿತ್ತಲ್ಲ ಎಂದು ಕೂಗಿದೆ.

“ನನ್ನ ಮಾರಿ ತಗೊಂಡು ಏನ್ ಮಾಡ್ತಾರೋ ತಮ್ಮಾ? ರೊಟ್ಟಿ ನೋಡ್ಲಿ ಅಂತ ಬಂದಿದ್ದೆ,” ಅಂದಳು.

ವರ್ಷ ತುಂಬುವುದರೊಳಗೆ ಸಿನಿಮಾ ನಮ್ಮೂರಿಗೆ ಬಂತು. ಅವಳು ಬರಲಿಲ್ಲ, ನಾನೊಬ್ಬನೇ ಹೋಗಿ ನೆಲದ ಮೇಲೆ ಕುಳಿತು ನೋಡಿದೆ. ಜರಿಯಂಚಿನ ಸೀರೆ ಉಟ್ಟ ಪಕ್ಕದ ಮನೆಯ ಹೆಂಗಸೊಬ್ಬಳು ಬಂದು ಬೊಗಸೆ ಜೋಳ ಸುರಿದಳು. ನಮ್ಮ ಕೇರಿಯವರು ಆ ಊರಿನಲ್ಲಿ ಹುಟ್ಟೇ ಇಲ್ಲವೆಂಬಂತೆ ಇಡೀ ಕಥೆ. ಜೋಳವನ್ನು ಉಡಿಯಲ್ಲಿಟ್ಟುಕೊಂಡು ಸುಲಭಾಬಾಯಿ ದೇವರ ಮೇಲೊಂದು ಉದ್ದನೆಯ ಹಾಡು ಹೇಳಿದಳು. ಸುತ್ತಲಿನವರು ಕಣ್ಣೊರೆಸಿಕೊಂಡರು. ನಾನು ಹಲ್ಲು ಕಡಿಯುತ್ತ ಕುಳಿತೆ.

ಮನೆಗೆ ಬಂದಾಗ ಉಡಚವ್ವ ಬಾಗಿಲಲ್ಲಿ ನಿಂತಿದ್ದಳು. ಯಾರು ಕೊಟ್ಟರು, ಏನು ಕೊಟ್ಟರು ಎಂದು ಕೇಳಲಿಲ್ಲ.

“ಕೂಸುಗೋಳು ಉಂಡುವೇನೋ?” ಅಂದಳು.

ನನಗೂ ಗೊತ್ತಿರಲಿಲ್ಲ. ಅದನ್ನು ಅವರು ತೋರಿಸಿಯೇ ಇರಲಿಲ್ಲ.