ಪಿಟೀಲುಗಳ ನಡುವೆ ಹಲಗೆ

ಸದಾಶಿವ ಪೇಠದ ಹಳೆಯ ಹಾಲ್‌ನಲ್ಲಿ ನಮ್ಮ ವಾದ್ಯವೃಂದ ಭಾನುವಾರಕ್ಕೊಮ್ಮೆ ಸೇರುತ್ತದೆ. ನನ್ನದು ಪಿಟೀಲು, ಹಿಂದಿನ ಸಾಲು. ಆ ಸಲ ನಮ್ಮ ಸಂಯೋಜಕ, ಪುಣೆಯ ಮರಾಠಿ ಹುಡುಗ, ಜನ ಕುಣಿಯುವ ತಾಳಗಳನ್ನೆಲ್ಲ ಹೆಣೆದು ದೊಡ್ಡದೊಂದು ಕೃತಿ ಬರೆದಿದ್ದ. ಲಾವಣಿ, ಲೇಜಿಮು ಎಲ್ಲ ಸರಿ. ಕೊನೆಯ ಭಾಗಕ್ಕೆ ಹಲಗೆವಾದ್ಯದ ಬಡಿತ ಶುರುವಾಯಿತು ನೋಡಿ, ನನ್ನ ಕೈ ನಿಂತೇ ಹೋಯಿತು.

ಅದು ನಮ್ಮ ಕಲಬುರಗಿ ಕಡೆ ಹೆಣದ ಮುಂದೆ ಬಾರಿಸುವ ಪೆಟ್ಟು. ಮದುವೆಯದೇ ಬೇರೆ, ಇದೇ ಬೇರೆ. ಯೆರವಡಾದಲ್ಲಿ ನಮ್ಮವರಿರುವ ಓಣಿಯಲ್ಲಿ ಇವನು ಅದನ್ನು ಮೊಬೈಲಿಗೆ ಹಿಡಿದುಕೊಂಡಿದ್ದನಂತೆ. ಹಣ್ಣಾದ ಜೀವ ಹೋದರೆ ನಮ್ಮವರು ಗುಲಾಲು ಹಾರಿಸಿ ಕುಣಿಯುತ್ತಲೇ ಕಳಿಸುತ್ತಾರೆ. ಮೆರವಣಿಗೆಯ ಮುಂದಿನ ತುದಿಯಷ್ಟೇ ಕಂಡು ಹಬ್ಬ ಅಂದುಕೊಂಡಿದ್ದಾನೆ, ಪುಣ್ಯಾತ್ಮ!

ಹೇಳಿದೆ. ಅವನ ಮುಖ ಸಪ್ಪಗಾಯಿತು. ತೆಗೆದುಬಿಡಲಾ ಅಕ್ಕಾ ಎಂದು ಮರಾಠಿಯಲ್ಲಿ ಕೇಳಿದ. ಬೇಡ, ಇರಲಿ ಎಂದೆ. ಹಾಗೆಂದದ್ದು ಅವ್ವನಿಗಾಗಿ.

ಕೊರೊನಾದಲ್ಲಿ ಅಪ್ಪ ಹೋದಾಗ ಆಸ್ಪತ್ರೆಯಿಂದ ನೇರ ಸ್ಮಶಾನಕ್ಕೇ ಒಯ್ದರು. ಹೊರಲು ಹೆಗಲಿಲ್ಲ, ಮುಂದೆ ಹಲಗೆಯಿಲ್ಲ. ಸಾವಾದರೆ ಮೊದಲು ಹಲಗೆಯವರಿಗೆ ಹೇಳಿಕಳಿಸುವ ಜನ ನಾವು. ಅಂದಿನಿಂದ ಅವ್ವನದು ಒಂದೇ ಮಾತು: ‘ಹಲಗಿ ಇಲ್ದ ಕಳಿಸಿದ್ವಲ್ಲವ್ವ, ಅವ್ರಿಗೆ ದಾರಿ ಹೆಂಗ ಸಿಕ್ಕೀತು?’ ಊಟಕ್ಕೆ ಕೂತರೂ ಅದೇ, ಬಟ್ಟೆ ಮಡಚುವಾಗಲೂ ಅದೇ. ಸಾಕು ಮಾಡವ್ವ ಎಂದು ರೇಗುತ್ತಿದ್ದೆ. ರೇಗಿ, ಬಚ್ಚಲಿಗೆ ಹೋಗಿ ಅಳುತ್ತಿದ್ದೆ.

ಏನು ಬಾರಿಸುತ್ತೇವೆಂದು ಅವಳಿಗೆ ಮೊದಲೇ ಹೇಳಿದೆ. ‘ಬರ್ತೀನಿ ನಡಿ, ಅವ್ರಿಗೂ ಕೇಳಸ್ಲಿ’ ಎಂದಳು.

ಕಾರ್ಯಕ್ರಮದ ದಿನ ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ. ಹಲಗೆ ಎದ್ದಿತು. ಪಿಟೀಲುಗಳು ಸೇರಿದವು, ಚೆಲ್ಲೋಗಳು ಸೇರಿದವು, ಹಿಂದಿನಿಂದ ತುತ್ತೂರಿಗಳು. ಹಾಲ್ ತುಂಬ ಜನ ಖುಷಿಯಿಂದ ತಾಳಕ್ಕೆ ಚಪ್ಪಾಳೆ ತಟ್ಟತೊಡಗಿದರು. ಅವ್ವ ಮಾತ್ರ ತಲೆಯ ಮೇಲೆ ಸೆರಗೆಳೆದುಕೊಂಡು ಎದ್ದು ನಿಂತಳು, ಮುಗಿಯುವವರೆಗೂ ಕೂರಲಿಲ್ಲ. ಹಿಂದಿನವರು ಗೊಣಗಿದರು. ಗೊಣಗಲಿ ಬಿಡಿ! ಇನ್ನಾದರೂ ಇವಳ ಎದೆ ಹಗುರಾದೀತು ಎಂದು ನಾನು ಕಣ್ಣೀರಿನಲ್ಲೇ ಬಾರಿಸಿದೆ.

ಹೊರಗೆ ರಿಕ್ಷಾಕ್ಕೆ ಕಾಯುತ್ತ ಕೇಳಿದೆ, ‘ಈಗರೆ ಸಮಾಧಾನ ಆತೇನವ್ವ?’

‘ಭಾಳ ಚಲೋ ಬಾರ್ಸಿದ್ರವ್ವ’ ಎಂದಳು. ಆಮೇಲೆ ನನ್ನ ತೋಳು ಹಿಡಿದುಕೊಂಡಳು. ‘ಹಲಗಿ ಮುಂದ ಇತ್ತು. ಹಿಂದ ಹೊಳ್ಳಿ ನೋಡಿದೆ. ಅವ್ರ ಇರಲಿಲ್ಲ.’