ಮರುದಿನ ಬದಲಾದ ಸಮುದ್ರ

ಜಗತ್ತಿನ ಸಮುದ್ರಗಳನ್ನು ಸಣ್ಣ ಸಣ್ಣ ಚೌಕಗಳಾಗಿ ಭಾಗಿಸಿ, ಮುಂದಿನ ದಿನಗಳಲ್ಲಿ ಎಲ್ಲಿ ಎಷ್ಟೆತ್ತರದ ಅಲೆ ಏಳಬಹುದು ಎಂದು ದೂರದ ಕಂಪ್ಯೂಟರೊಂದು ಲೆಕ್ಕ ಹಾಕುತ್ತದೆ. ಅದು ಹೇಳಿದ್ದು ಸರಿಯಾಯಿತೇ ಎಂದು ನೋಡುವುದು ನನ್ನ ಕೆಲಸ. ದಾವಣಗೆರೆಯ ಎಸ್.ಎಸ್. ಬಡಾವಣೆಯ ಮನೆಯಲ್ಲೇ ಕುಳಿತು ಮಾಡುತ್ತೇನೆ.

ಅಕ್ಕ ಇರುವುದು ಹರಿಹರದಲ್ಲಿ. ಭಾವ ಸರಕು ಹಡಗೊಂದರಲ್ಲಿ ಅಡುಗೆಯವರು. ಒಂದು ಶುಕ್ರವಾರ ಅಕ್ಕ ಫೋನ್ ಮಾಡಿದಳು.

"ಏನೇ, ನಿಮ್ಮ ಭಾವನ ಕಡೆ ನಾಳೆ ಸಮುದ್ರ ಹೆಂಗೈತೆ?"

ನಕ್ಷೆಯಲ್ಲಿ ಆ ಭಾಗ ತಿಳಿ ನೀಲಿಯಾಗಿತ್ತು. ಅಲೆ ಕಡಿಮೆ ಎಂದೆ. ಅಕ್ಕ ಅದನ್ನು ಭಾವನಿಗೆ ದಾಟಿಸಿದಳು.

ಹಡಗು ತೂಗುವಾಗ ಪಾತ್ರೆ ಜಾರದಂತೆ ಒಲೆಯ ಮೇಲೆ ಕಬ್ಬಿಣದ ಸಲಾಕೆಗಳನ್ನು ಅಡ್ಡ ಹಾಕುತ್ತಾರೆ. ಕ್ಯಾಪ್ಟನ್ ಹಾಕಿರಿ ಎಂದಿದ್ದರಂತೆ. ದೊಡ್ಡ ಪಾತ್ರೆ ಅವುಗಳ ನಡುವೆ ಕೂರುತ್ತಿರಲಿಲ್ಲ. ಅಲೆ ಕಡಿಮೆ ಎಂದು ನಾದಿನಿ ಹೇಳಿದ್ದಾಳಲ್ಲ ಎಂದು ಭಾವ ಸಲಾಕೆಗಳನ್ನು ತೆಗೆದಿಟ್ಟರು. ಶನಿವಾರ ಮಧ್ಯಾಹ್ನ ಹಡಗು ವಾಲಿ, ಕುದಿಯುವ ಸಾರು ಅವರ ಎಡಗೈ ಮೇಲೆ ಚೆಲ್ಲಿತು.

ಸುದ್ದಿ ತಿಳಿದ ಮೇಲೆ ನಕ್ಷೆ ತೆರೆದೆ. ಅದೇ ಜಾಗ, ಅದೇ ಹೊತ್ತು, ಈಗ ಕಡುಗೆಂಪು, ಎಂದರೆ ಎತ್ತರದ ಅಲೆ. ಉಪಗ್ರಹಗಳ ಹೊಸ ಅಳತೆಗಳು ಬಂದಾಗ ಕಂಪ್ಯೂಟರ್ ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ದಿನವೂ ನಡೆಯುವುದೇ. ಆದರೂ ಹಳೆಯ ನಕ್ಷೆಯನ್ನು ಹುಡುಕಿ ತೆಗೆದೆ. ನೀಲಿಯೇ ಇತ್ತು. ನನ್ನ ಕಣ್ಣು ತಪ್ಪಿರಲಿಲ್ಲ. ಅದರಿಂದ ಸಮಾಧಾನವಾಯಿತೇ ಎಂದರೆ ಹೇಳಲಾರೆ.

ಭಾನುವಾರ ಹರಿಹರಕ್ಕೆ ಹೋಗಿ ಅಕ್ಕನಿಗೆ ಎರಡನ್ನೂ ತೋರಿಸಿದೆ.

"ಇದು ನೀನು ಹೇಳಿದ್ದು, ಇದು ಆಗಿದ್ದು. ಹೌದಿಲ್ಲೋ?"

"ಆಗಿದ್ದು ಅಂತಲೂ ಅಲ್ಲಕ್ಕ. ಇದೂ ಲೆಕ್ಕನೇ."

"ಹಂಗಾದ್ರೆ ಅವ್ರ ಕೈ ಸುಟ್ಟಿದ್ದು ಯಾವ ಸಮುದ್ರದಾಗೆ?"

ಅಷ್ಟರಲ್ಲಿ ಭಾವನ ವಿಡಿಯೋ ಕರೆ ಬಂತು. ಎಡಗೈ ಮೊಣಕೈವರೆಗೂ ಬಿಳಿ ಬಟ್ಟೆ.

"ಏನವ್ವಾ ಸಮುದ್ರದ ಜೋಯಿಸ್ರೇ, ನಾಳೆ ಹೆಂಗೈತೆ?"

ಮತ್ತೆ ನನ್ನನ್ನೇ ಕೇಳುತ್ತಾರೆಂದು ಎಣಿಸಿರಲಿಲ್ಲ. ಆರಂಭದ ಅಳತೆಗಳನ್ನು ಚೂರೇ ಚೂರು ಬದಲಿಸಿ ಒಂದೇ ಲೆಕ್ಕವನ್ನು ಹಲವು ಬಾರಿ ಓಡಿಸುತ್ತಾರೆ. ಆ ದಿನ ಕೆಲವು ಲೆಕ್ಕಗಳು ಅಲೆ ಏಳುತ್ತದೆ ಎಂದರೆ ಕೆಲವು ಇಲ್ಲ ಎನ್ನುತ್ತಿದ್ದವು. ಎರಡನ್ನೂ ಹೇಳಿದೆ.

"ಎರಡೂ ಹೇಳಿದ್ರೆ ನಾನು ಒಲೆ ಮ್ಯಾಲೆ ಏನಿಡ್ಲಿ?"

ಅಕ್ಕ ಫೋನ್ ಕಿತ್ತುಕೊಂಡಳು. "ಏನೂ ಇಡಬ್ಯಾಡ್ರಿ. ನಾ ಕಟ್ಟಿಕೊಟ್ಟ ಮಂಡಕ್ಕಿ ಐತಲ್ಲ, ಎಣ್ಣೆ, ಖಾರದಪುಡಿ ಹಚ್ಚಿ ಕೊಡ್ರಿ."

"ಇಡೀ ಹಡಗಿಗೆ ಮಂಡಕ್ಕಿನಾ? ಕ್ಯಾಪ್ಟನ್ ನನ್ನ ಎತ್ತಿ ಸಮುದ್ರಕ್ಕೆ ಎಸೀತಾನೆ."

"ಎಸೀಲಿ ಬಿಡ್ರಿ. ಅಲೆ ಐತೋ ಇಲ್ಲೋ ಅದಾದ್ರೂ ಗೊತ್ತಾಗ್ತೈತೆ."

ಭಾವ ನಕ್ಕರು. ಕರೆ ಮುಗಿದ ಮೇಲೆ ಅಕ್ಕ ದನಿ ತಗ್ಗಿಸಿ ಕೇಳಿದಳು: "ಎರಡರಾಗೆ ಯಾವುದು ಅಂತ ನಿನಗೆ ಅನಿಸ್ತೈತೆ?"

ಏನೂ ಅನಿಸಲಿಲ್ಲ. ಹಾಗೆಂದೇ ಹೇಳಿದೆ.

ಸೋಮವಾರ ಭಾವ ಒಂದು ಫೋಟೋ ಕಳಿಸಿದರು. ಸ್ಟೀಲ್ ತಟ್ಟೆಗಳ ತುಂಬ ಕೆಂಪಗಿನ ಮಂಡಕ್ಕಿ. ಕೆಳಗೆ, "ಬಲಗೈಲೇ ಕಲಸಿದೆ, ಎಡಗೈ ಉರಿ ಕಡಿಮೆ ಐತೆ" ಎಂದು ಬರೆದಿದ್ದರು. ಅಲೆಯ ಮಾತು ಇರಲಿಲ್ಲ.